ಮೂರನೇ ಗೇರು ಹಿಡಿದು ಕೂತ ಮಳೆಗಾಲ

ನನಗೆ ಡ್ರೈವಿಂಗ್ ಬರುವುದಿಲ್ಲ. ಸೈಕಲ್ಲನ್ನೂ ತುಳಿದವಳಲ್ಲ. ಆದರೂ ಒಂದು ಮಳೆಗಾಲ ಪೂರ್ತಿ ನಮ್ಮ ಲಾರಿಯ ಗೇರ್ ರಾಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಾಗಡಿ ಕಡೆಯಿಂದ ರಾಮನಗರಕ್ಕೆ ಓಡಾಡಿದ್ದೇನೆ. ಇದನ್ನು ಹೇಳಿದರೆ ಈಗಿನ ಹುಡುಗಿಯರು ನಗುತ್ತಾರೆ. ನಗಲಿ. ಆಗ ನನಗೇನೂ ನಗು ಬಂದಿರಲಿಲ್ಲ.

ನಮ್ಮ ಯಜಮಾನರು ಮದುವೆಗೆ ಮುಂಚಿನಿಂದಲೂ ಕಂಡವರ ಲಾರಿ ಓಡಿಸಿದವರು. ಕನಕಪುರದ ಕ್ವಾರಿಗಳಿಂದ ಮನೆಯಷ್ಟು ದೊಡ್ಡ ಕಲ್ಲುಗಳನ್ನು ಹೇರಿಕೊಂಡು ಇಳಿಜಾರು ಇಳಿಸುತ್ತಿದ್ದರು. ಒಬ್ಬ ಮಾಲೀಕನಿಂದಲೂ ಒಂದು ಮಾತು ಅನ್ನಿಸಿಕೊಂಡವರಲ್ಲ. ಮನೆಯಲ್ಲಿ ಅವರದು ಮಾತು ಕಮ್ಮಿ. ಅವರ ಪಾಲಿನದನ್ನೂ ಸೇರಿಸಿ ನಾನೇ ಆಡುತ್ತಿದ್ದೆ. ಮಾಗಡಿ ಪಕ್ಕದ ಕಲ್ಯದ ಹತ್ತಿರ ನಮಗೆ ಒಂದಿಷ್ಟು ರಾಗಿ ಹೊಲ, ಒಂದಿಷ್ಟು ಹಿಪ್ಪುನೇರಳೆ. ರೇಷ್ಮೆ ಹುಳ ಸಾಕುವುದು ನನ್ನ ಕೆಲಸ. ಸುತ್ತಲ ಊರಿನವರ ರೇಷ್ಮೆ ಗೂಡನ್ನೆಲ್ಲ ರಾಮನಗರದ ಮಾರುಕಟ್ಟೆಗೆ ಹೊಡೆದರೆ ಬಾಡಿಗೆಗೆ ಬರವಿಲ್ಲ ಎಂದು ಧೈರ್ಯ ಮಾಡಿ, ಕೊನೆಗೂ ನಮ್ಮದೇ ಅಂತ ಒಂದು ಸಣ್ಣ ಹೊಸ ಲಾರಿ ತಂದೆವು. ಅವತ್ತು ಅವರು ಕನ್ನಡಿಯನ್ನು ಎಷ್ಟು ಸಲ ಒರೆಸಿದರೋ ದೇವರಿಗೇ ಗೊತ್ತು.

ಕೆಲವೇ ತಿಂಗಳಿಗೆ ಗೇರ್‌ಬಾಕ್ಸ್ ಕೈಕೊಟ್ಟಿತು. ಇಳಿಜಾರು ಬಂದರೆ ಸಾಕು, ಮೂರನೇ ಗೇರು ತಾನಾಗಿಯೇ ಕಳಚಿಕೊಂಡು ನ್ಯೂಟ್ರಲ್‌ಗೆ ಬಂದುಬಿಡುತ್ತಿತ್ತು. ಆಮೇಲೆ ಲಾರಿ ಹಗ್ಗ ಕಿತ್ತ ಎತ್ತು. ಬರೀ ಬ್ರೇಕನ್ನೇ ನಂಬಿಕೊಂಡು ನಿಲ್ಲಿಸಬೇಕು.

ವಾರಂಟಿ ಇದೆಯಲ್ಲ, ಚಿಂತೆ ಏಕೆ ಎಂದುಕೊಂಡು ಯಜಮಾನರು ಹೆದ್ದಾರಿ ಪಕ್ಕದ ಕಂಪನಿ ವರ್ಕ್‌ಶಾಪಿಗೆ ಹೋದರು. ಆಗ ರಾಮನಗರದಿಂದ ಚನ್ನಪಟ್ಟಣದವರೆಗೂ ತೆಂಗಿನ ತೋಟಗಳಿದ್ದ ಕಡೆಯಲ್ಲೆಲ್ಲ ಗಾಜಿನ ಶೋರೂಮು, ತಗಡಿನ ಶೆಡ್ಡು ಏಳುತ್ತಿದ್ದ ಕಾಲ. ವಾರಂಟಿ ನೋಡುವ ಇಂಜಿನಿಯರು ಬೆಂಗಳೂರಿನಿಂದ ಬಂದು ಹೋಗುವವರು. ಖಾಲಿ ಲಾರಿಯನ್ನು ಮಟ್ಟಸವಾದ ಹೆದ್ದಾರಿಯಲ್ಲಿ ಒಂದು ಸುತ್ತು ಹೊಡೆದು, ಗೇರು ಚೆನ್ನಾಗಿಯೇ ಇದೆ ಎಂದು ಕಳಿಸಿದರು. ಇನ್ನೊಂದು ಸಲ ಹೋದಾಗ ರಾಡಿನ ಬುಡದಲ್ಲಿ ಏನನ್ನೋ ಬಿಗಿ ಮಾಡಿಕೊಟ್ಟರು. ವಾರ ಕಳೆಯುವುದರೊಳಗೆ ಮತ್ತೆ ಅದೇ ರಾಗ.

ಆಮೇಲೊಂದು ಬೆಳಿಗ್ಗೆ ಯಜಮಾನರು ಮಾರುಕಟ್ಟೆಗೆ ಹೋಗುವ ದಾರಿಯಲ್ಲೇ, ಗೂಡು ತುಂಬಿದ ಲಾರಿಯನ್ನು ವರ್ಕ್‌ಶಾಪಿನಲ್ಲಿ ನಿಲ್ಲಿಸಿದ್ದರು. ಕ್ಯಾಬಿನ್‌ಗಿಂತ ಎತ್ತರಕ್ಕೆ ಮೂಟೆ ಪೇರಿಸಿದ್ದು ನೋಡಿ ಇಂಜಿನಿಯರು ಫೋಟೋ ಹೊಡೆದುಕೊಂಡರಂತೆ. ಇದು ಓವರ್‌ಲೋಡು, ಸಾಲದ್ದಕ್ಕೆ ಡ್ರೈವರ್‌ಗೆ ಗೇರ್ ಹಾಕುವುದೇ ಬರುವುದಿಲ್ಲ, ಇದಕ್ಕೆ ವಾರಂಟಿ ಇಲ್ಲ ಎಂದುಬಿಟ್ಟರಂತೆ. ಶೆಡ್ಡಿನಲ್ಲಿದ್ದ ಯಾರೋ ‘ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ’ ಎಂದು ಕಿಸಕ್ಕನೆ ನಕ್ಕರಂತೆ. ಇಷ್ಟನ್ನೂ ನನಗೆ ಹೇಳಿದ್ದು ಯಜಮಾನರಲ್ಲ, ಅವತ್ತು ಅವರ ಜೊತೆ ಲಾರಿಯಲ್ಲಿದ್ದ ಗುಡೇಮಾರನಹಳ್ಳಿಯ ಹಿರಿಯ ರೈತರು.

“ನಿನ್ ಗಂಡ ಒಂದು ಮಾತೂ ಆಡ್ನಿಲ್ಲ ಕಣವ್ವ. ತಲೆ ತಗ್ಗುಸ್ಕಂಡು ನಿಂತ್ಕಂಬುಟ್ಟ,” ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಕಂಪನಿಯವರು ತಮ್ಮ ಗೇರ್‌ಬಾಕ್ಸಿನ ಐಬು ಮುಚ್ಚಿಕೊಳ್ಳಲು ಇವರ ತಲೆ ಮೇಲೆ ಗೂಬೆ ಕೂರಿಸಿದ್ದರು. ಅದಕ್ಕಿಂತ ಸಂಕಟವಾಗಿದ್ದು ಮಾರನೆಯ ದಿನ. ಹುಳಕ್ಕೆ ಸೊಪ್ಪು ಹಾಕಿ ಹೊರಗೆ ಬಂದರೆ, ಅಂಗಳದಲ್ಲಿ ನಿಂತಿದ್ದ ಲಾರಿಯೊಳಗೆ ಇವರು ಒಬ್ಬರೇ ಕೂತಿದ್ದಾರೆ. ಎಂಜಿನ್ ಆಫ್ ಆಗಿದೆ. ಕ್ಲಚ್ ಒತ್ತುವುದು, ಗೇರು ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ಹೊಸದಾಗಿ ಕಲಿಯುವವರು ಮಾಡುವ ಹಾಗೆ. ನನ್ನನ್ನು ನೋಡಿ ಕೈ ಹಿಂದಕ್ಕೆ ಎಳೆದುಕೊಂಡರು.

“ನಂದೇ ತಪ್ಪಿರ್ಬೋದು ಕಣಮ್ಮಿ. ಕಲ್ಲಿನ ಲಾರಿ ಓಡ್ಸಿ ಓಡ್ಸಿ ಕೈ ಒರಟಾಗೈತೇನೋ. ಬ್ಯಾರೆ ಯಾರಾದ್ರೂ ಡ್ರೈವರ್‌ನ ನೋಡವಾ. ನಾನು ಹೊಲ ನೋಡ್ಕತೀನಿ.”

ಅಷ್ಟು ವರ್ಷ ಲಾರಿಯನ್ನೇ ಉಸಿರಾಡಿದ ಮನುಷ್ಯ. ಲಾರಿ ಕೆಟ್ಟರೆ ರಿಪೇರಿ ಮಾಡಿಸಬಹುದು, ಈ ಅನುಮಾನವನ್ನು ಯಾವ ಗ್ಯಾರೇಜಿಗೆ ಒಯ್ಯಲಿ? “ನೀವು ಹೊಲ ನೋಡಿದ್ದು ಸಾಕು, ನಾಳಿಂದ ನಾನೂ ಬತ್ತೀನಿ,” ಎಂದೆ.

ಹಾಗೆ ನಾನು ಗೇರ್ ರಾಡಿಗೆ ಕಾವಲು ಕೂತೆ. ಇಳಿಜಾರು ಬಂದಾಗ ಅವರು ಮೂರನೇ ಗೇರಿಗೆ ಹಾಕುವುದು, ನಾನು ಅದು ಕಳಚದಂತೆ ಬಿಗಿಯಾಗಿ ಹಿಡಿದುಕೊಳ್ಳುವುದು. ಅದೋ ಕೈಯೊಳಗೆ ಗಡಗಡ ನಡುಗುತ್ತಿತ್ತು. “ಏನಕ್ಕಾ, ಲೈಸೆನ್ಸ್ ಮಾಡ್ಸಾಯ್ತಾ?” ಎಂದು ಗೂಡಿನವರು ಕಿಚಾಯಿಸುತ್ತಿದ್ದರು. “ಮಾಡ್ಸಿವ್ನಿ, ಮೂರ್ನೇ ಗೇರಿಗೆ ಮಾತ್ರ,” ಎನ್ನುತ್ತಿದ್ದೆ. ಯಜಮಾನರು ಮಾತ್ರ ನಗುತ್ತಿರಲಿಲ್ಲ.

ಒಂದು ದಿನ ಎಷ್ಟು ಹಿಡಿದರೂ ರಾಡು ನನ್ನ ಕೈಯನ್ನೇ ತಳ್ಳಿಕೊಂಡು ಕಳಚಿತು. ಎದುರಿಗೆ ಬಸ್ಸು. ಹೇಗೋ ಬದುಕಿಕೊಂಡೆವು. ರಾಮನಗರ ಮುಟ್ಟಿದ ಮೇಲೆ ನಾನು, “ಮಾರ್ಕೆಟ್ಟಿಗೆ ಬ್ಯಾಡ, ವರ್ಕ್‌ಶಾಪಿಗೆ ನಡೀರಿ,” ಎಂದೆ. ಅವತ್ತಿನ ಲೋಡು ಪೂರ್ತಿ ಆ ಗುಡೇಮಾರನಹಳ್ಳಿ ಹಿರಿಯರದು. ತಡವಾದರೆ ಬೆಳಗಿನ ಹರಾಜು ತಪ್ಪುತ್ತದೆ. ನಮ್ಮ ಜೊತೆಯಲ್ಲೇ ಕೂತಿದ್ದ ಅವರು ಹೊರಗೆ ನೋಡುತ್ತಾ, “ಗೂಡು ಕಾಯಕಿಲ್ಲ ಕಣವ್ವ,” ಎಂದರು. ಆಮೇಲೆ ಯಜಮಾನರ ಮುಖ ನೋಡಿ, “ಆಗ್ಲಿ, ನಡೀರಿ,” ಎಂದರು.

ಇಂಜಿನಿಯರು ಬಂದವರೇ ಮೂಟೆಗಳ ಕಡೆ ಕೈ ತೋರಿಸಿದರು. “ನೋಡಿ, ಇವತ್ತೂ ಓವರ್‌ಲೋಡೇ.”

ನಾನು ಮೇಲಿನಿಂದ ಒಂದು ಮೂಟೆ ಇಳಿಸಿ ಅವರ ಕಾಲ ಬುಡದಲ್ಲಿಟ್ಟೆ. “ಓವರ್‌ಲೋಡ್ ಅಂತೀರಲ್ಲ ಸಾರ್, ಇದನ್ನ ಒಸಿ ಎತ್ತಿ.”

ಪಾಪ, ರಾಗಿ ಮೂಟೆ ಎಂದುಕೊಂಡರೋ ಏನೋ. ಮಂಡಿ ಬಗ್ಗಿಸಿ, ಉಸಿರು ಬಿಗಿಹಿಡಿದು, ಬಲವೆಲ್ಲ ಹಾಕಿ ಎಳೆದರು. ಅದು ಗೂಡು; ಒತ್ತಿ ತುಂಬಿದರೆ ನಜ್ಜುಗುಜ್ಜಾಗುತ್ತದೆ ಎಂದು ಸಡಿಲವಾಗಿ ತುಂಬಿರುತ್ತೇವೆ. ಮೂಟೆ ಸರಕ್ಕನೆ ಮೇಲೆದ್ದು, ಅವರು ಹಿಂದಕ್ಕೆ ತಡವರಿಸಿ ಟೈರುಗಳ ರಾಶಿಗೆ ಒರಗಿದರು. ಶೆಡ್ಡಿಗೆ ಶೆಡ್ಡೇ ನಕ್ಕಿತು. ನಾನು ನಗಲಿಲ್ಲ, ಅವರ ಮುಖ ಕೆಂಪಗಾಗಿದ್ದು ನೋಡಿ ಒಂದು ಥರಾ ಆಯಿತು. ಅಷ್ಟರಲ್ಲೇ ಅವರ ಮೊಬೈಲು ಬಡಿದುಕೊಂಡಿತು. ಮೇಲಿನವರು ಯಾರೋ ಬೈಯುತ್ತಿದ್ದರು. ಇವರು ‘ಸಾರಿ ಸಾರ್, ಇನ್ನು ಮುಂದೆ ಯಾವ ವಾರಂಟಿ ಕ್ಲೇಮೂ ಕಳಿಸಲ್ಲ ಸಾರ್’ ಎಂದು ಗೋಡೆಯ ಕಡೆ ತಿರುಗಿ ಹೇಳುತ್ತಿದ್ದರು. ಇವರಿಗೂ ತಲೆ ತಗ್ಗಿಸುವ ಜಾಗ ಒಂದಿದೆ ಎಂದು ನನಗೆ ಆಗ ತಿಳಿಯಿತು.

ಫೋನು ಜೇಬಿಗಿಟ್ಟು, “ಎಲ್ಲಿ ಗೇರ್ ಬಿಟ್ಕೊಳ್ಳುತ್ತೆ? ತೋರಿಸಿ, ನಾನೇ ಓಡಿಸ್ತೀನಿ,” ಎಂದರು.

ಲೋಡಿನ ಸಮೇತ ಮಾಗಡಿ ರಸ್ತೆಯಲ್ಲಿ ವಾಪಸು ಹೋಗಿ ಅದೇ ಇಳಿಜಾರಿನ ತಲೆಗೆ ನಿಂತೆವು. ಅವರು ಮೂರನೇ ಗೇರಿಗೆ ಹಾಕಿ ನಿಧಾನವಾಗಿ ಬಿಟ್ಟರು. ಅರ್ಧಕ್ಕೆ ಬರುವಷ್ಟರಲ್ಲಿ ಟಕ್ ಎಂದು ಕಳಚಿತು. ಮತ್ತೆ ಹಾಕಿದರು, ಮತ್ತೆ ಕಳಚಿತು. ಹಣೆಯಲ್ಲಿ ಬೆವರು. ರೂಢಿಯ ಮೇಲೆ ನನ್ನ ಕೈ ರಾಡಿಗೆ ಹೋಯಿತು. ಅವರು ಬೇಡ ಎನ್ನಲಿಲ್ಲ. ಕೆಳಗೆ ಬಂದು ಲಾರಿ ನಿಲ್ಲಿಸಿ, “ದಿನಾ ಹೀಗೇ ಹಿಡ್ಕೊಂಡು ಬರ್ತೀರಾ?” ಎಂದು ಕೇಳಿದರು. ಹೌದು ಎಂದೆ. ರಾಡನ್ನು ಇನ್ನೊಮ್ಮೆ ಅಲ್ಲಾಡಿಸಿ ನೋಡಿ, “ಇದು ಗೇರ್‌ಬಾಕ್ಸಿನದೇ ತೊಂದರೆ,” ಎಂದರು.

“ಇಲ್ಲಿ ನಾವು ನಾಲ್ಕು ಜನ ಬಿಟ್ರೆ ಯಾರವ್ರೆ ಸಾರ್? ಅವತ್ತು ಶೆಡ್ಡಲ್ಲಿ ಎಲ್ಲಾರ ಮುಂದೆ ಅಂದ್ರಿ. ಇದನ್ನೂ ಅಲ್ಲೇ ಹೇಳಿ.”

ಯಜಮಾನರು ನನ್ನ ಸೆರಗು ಜಗ್ಗಿದರು. ನಾನು ಜಪ್ಪಯ್ಯ ಎನ್ನಲಿಲ್ಲ.

ಆ ಮನುಷ್ಯ ದೊಡ್ಡವರು. ಶೆಡ್ಡಿಗೆ ವಾಪಸು ಬಂದು, ಕೆಲಸದವರನ್ನೆಲ್ಲ ಕರೆದು, “ಇವರ ಡ್ರೈವಿಂಗ್‌ನಲ್ಲಿ ಏನೂ ತಪ್ಪಿಲ್ಲ. ಗೇರ್‌ಬಾಕ್ಸೇ ಸರಿಯಿಲ್ಲ. ಅವತ್ತು ನಾನು ಅಂದಿದ್ದು ತಪ್ಪಾಯ್ತು,” ಎಂದರು. “ನೆಲಾನೇ ಡೊಂಕಾಗಿತ್ತು ಅನ್ನಿ,” ಎಂದರು ಗುಡೇಮಾರನಹಳ್ಳಿಯವರು. ಅವರ ಗೂಡು ಮಧ್ಯಾಹ್ನ ಬಾಡಿದ ರೇಟಿಗೆ ಹೋಯಿತು. ಅದರ ಬಗ್ಗೆ ಅವರು ಇವತ್ತಿನವರೆಗೂ ಒಂದು ಮಾತು ಎತ್ತಿಲ್ಲ.

ಹೊಸ ಗೇರ್‌ಬಾಕ್ಸ್ ಬರಲು ದೀಪಾವಳಿ ಕಳೆಯಿತು. ಕಂಪನಿಯ ಕಾಗದದಲ್ಲಿ ತಪ್ಪು ತಮ್ಮದೆಂದು ಎಲ್ಲೂ ಇರಲಿಲ್ಲ. ಗಿರಾಕಿಯ ಮೇಲಿನ ವಿಶ್ವಾಸದಿಂದ ಕೊಡುತ್ತಿದ್ದೇವೆ ಎಂದು ಬರೆದಿದ್ದರು. ಭಿಕ್ಷೆ ಹಾಕುತ್ತಿದ್ದಾರಾ ಇವರು ಎಂದು ನಾನು ಹಾರಾಡಿದೆ. ಯಜಮಾನರು, “ಕಾಗ್ದ ಅವ್ರುದು. ಆವಪ್ಪ ಬಾಯ್ಬುಟ್ಟು ಹೇಳುದ್ನಲ್ಲ, ಸಾಕು ಬುಡು,” ಎಂದು ಸೈನು ಹಾಕಿದರು.

ಹೊಸ ಗೇರ್‌ಬಾಕ್ಸ್ ಕೂರಿಸಿದ ಮಾರನೆಯ ಬೆಳಿಗ್ಗೆ ಗೂಡು ತುಂಬಿಕೊಂಡು ಹೊರಟೆವು. ಇಳಿಜಾರು ಬಂತು. ಅವರು ಮೂರನೇ ಗೇರಿಗೆ ಹಾಕಿದರು. ನನ್ನ ಕೈಗಳು ತಾವಾಗಿಯೇ ಹೋಗಿ ರಾಡನ್ನು ಹಿಡಿದುಕೊಂಡವು.

“ಕೈ ತೆಗಿಯಮ್ಮಿ,” ಎಂದರು. “ನಿಂತ್ಕತದೆ.”

ತೆಗೆದೆ. ರಾಡು ಇದ್ದಲ್ಲೇ ಇತ್ತು. ಕೆಳಗಿನ ತಿರುವಿನ ತನಕ ಅದನ್ನೇ ನೋಡುತ್ತಾ ಕೂತೆ. ಆಮೇಲೆ ಸುಮ್ಮನಿರಲಾರದೆ, “ಮತ್ತೆ, ಬ್ಯಾರೆ ಡ್ರೈವರ್‌ನ ನೋಡವಾ ಅಂತಿದ್ರಲ್ಲ?” ಎಂದು ಕೆಣಕಿದೆ.

ಅವರು ರಸ್ತೆಯಿಂದ ಕಣ್ಣು ತೆಗೆಯದೆ, “ಯಾಕೆ, ಇರೋ ಡ್ರೈವರ್‌ಗೆ ಏನಾಗೈತೆ?” ಎಂದರು.