ಮೆಟ್ಟಿಲ ಮೇಲೆ ಬಿದ್ದ ಏಣಿಯ ಚಿತ್ರ

ರಟ್ಟಿನ ಪೆಟ್ಟಿಗೆಯ ತಳ ಕಿತ್ತು ಪುಸ್ತಕಗಳೆಲ್ಲ ಮೆಟ್ಟಿಲ ಮೇಲೆ ಬಿದ್ದವು. ತಪ್ಪು ನನ್ನದೇ. ಪುಸ್ತಕ ಭಾರ, ಸಣ್ಣ ಪೆಟ್ಟಿಗೆಗೆ ತುಂಬಬೇಕು, ನಾನು ದೊಡ್ಡದಕ್ಕೆ ತುಂಬಿದ್ದೆ.

ಇಲ್ಲಿ ಅಮೆರಿಕದಲ್ಲಿ, ಸ್ಯಾನ್ ಮಟಿಯೋದ ಅಪಾರ್ಟ್‌ಮೆಂಟು ಬಿಟ್ಟು ಗಿಲ್‌ರಾಯ್ ಊರಿಗೆ ಹೊರಟಿದ್ದ ಧಾರವಾಡದ ಅಜ್ಜಿಯೊಬ್ಬರ ಸಾಮಾನು ಅದು. ಅವರು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದವರು. ನಾನು ಮನೆ ಸಾಮಾನು ಸಾಗಿಸುವವನು, ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಬೆಳಿಗ್ಗೆ ಅವರು, ಓದು ಅರ್ಧಕ್ಕೆ ಬಿಟ್ಟ ದೊಡ್ಡವರಿಗಾಗಿ ಇರುವ ಶಾಲೆಯ ಫಾರ್ಮೊಂದನ್ನು ನನ್ನ ಕೈಗೆ ಕೊಟ್ಟಿದ್ದರು. ಸೇರುವುದಿಲ್ಲ ಎಂದು ಹೇಳಲು ಹೊತ್ತು ನೋಡುತ್ತಿದ್ದೆ.

ಬಿದ್ದ ಪುಸ್ತಕವೊಂದರಲ್ಲಿ ಒಂದು ಚಿತ್ರ ಕಂಡಿತು. ಏಣಿಯ ಮೇಲೆ ಮುಖಗಳು. ತಳದಲ್ಲಿ ಮಂಗ, ಅದರ ಮೇಲೆ ಕಪ್ಪು ಮುಖ, ಆಮೇಲೆ ನಮ್ಮಂಥದ್ದು, ತುದಿಯಲ್ಲಿ ಟೋಪಿ ಹಾಕಿದ ಬಿಳಿಯ.

"ಇದೇನಜ್ಜಿ?"

"ಇಂಗ್ಲಿಷರ ಕಾಲದ್ದದು. ಮಂಗ್ಯಾನಿಂದ ಮನುಷ್ಯಾ ಆದ ಅಂತಾರಲ್ಲ, ಆ ಮಾತು ಹಿಡಕೊಂಡು, ನಾವು ಮುಂದ ಬಂದೇವಿ, ನೀವು ಹಿಂದ ಉಳದೀರಿ, ಅದಕ್ಕ ನಿಮ್ಮ ದೇಶ ನಾವಾ ಆಳಬೇಕು ಅಂದ್ರು."

"ನಿಜ ಇದ್ರೂ ಇರ್ಬೋದು. ನಮ್ಮ ಮೇಷ್ಟ್ರೂ ಹಂಗೇ ಅಂದಿದ್ರು, ನೀನು ಮೂಟೆ ಹೊರೋಕೇ ಹುಟ್ಟಿರೋದು ಅಂತ. ಈ ಫಾರ್ಮು ನನಗ್ಯಾಕೆ? ವಾಪಸ್ ತಗೊಳ್ಳಿ."

ಅಜ್ಜಿ ತೆಗೆದುಕೊಳ್ಳಲಿಲ್ಲ. ಕೆಳಗೆ ನಿಂತಿದ್ದ ಟ್ರಕ್ಕು ತೋರಿಸಿದರು.

"ಅಲ್ಲೆ ತಳದಾಗಿನ ಪೆಟಗಿ ತಾನಾ ಹೋಗಿ ಕುಂತದೇನು?"

"ಇಲ್ಲ, ನಾನೇ ಇಟ್ಟೆ. ಮೇಲಿನದಕ್ಕೆ ಆಸರೆ ಬೇಕಲ್ಲ."

"ಹಂಗಾ ಇದೂ. ಈ ಏಣಿ ಬರದವರು ಯಾರು? ತುದೀಗೆ ಕೂಡೋ ಮಂದಿನಾ! ಖರೇ ವಿಜ್ಞಾನದಾಗ ಏಣಿ ಇಲ್ಲೋ ತಮ್ಮಾ, ಗಿಡ ಅದ. ಟೊಂಗಿ ಒಡಕೋತ ಹೋಗೇದ. ಮಂಗ್ಯಾಂದೊಂದು ಟೊಂಗಿ. ಮನುಷ್ಯಾರು, ಕರಿಯರಿರಲಿ ಬಿಳಿಯರಿರಲಿ, ಎಲ್ಲಾರೂ ಒಂದಾ ಟೊಂಗಿ. ನಿಮ್ಮ ಮಾಸ್ತರಗ ಏನ್ ತಿಳೀತದ, ಮಣ್ಣು!"

"ಹಂಗಾದ್ರೆ ಇದನ್ನ ಬಿಸಾಕ್ಲಾ?"

"ಬ್ಯಾಡ. ನಮ್ಮ ದೇಶಾ ಕದ್ದ ಕಳ್ಳರು ತಾವಾ ಬರದಿಟ್ಟದ್ದು, ಒಗದರ ಸಾಕ್ಷಿ ಎಲ್ಲಿಂದ ತರತಿ? ಸಣ್ಣ ಪೆಟಗ್ಯಾಗ ಹಾಕು. ಈ ಸಲ ತಳಾ ಗಟ್ಟಿ ಹಚ್ಚಪಾ."

ನಗು ಬಂತು. ಟೇಪು ಎರಡು ಸುತ್ತು ಹಾಕಿದೆ. ಸಾಮಾನೆಲ್ಲ ಏರಿಸಿ, ಟ್ರಕ್ಕಿನ ಸೀಟಿನಲ್ಲಿ ಕೂತು ಫಾರ್ಮು ತುಂಬಿದೆ. ಗೊತ್ತಾಗದ ಕಡೆ ಅಜ್ಜಿ ಕಿಟಕಿಯ ಹೊರಗೆ ನಿಂತು ಹೇಳಿಕೊಟ್ಟರು.

ಈಗ ಆ ಶಾಲೆಯಲ್ಲಿ ಎರಡನೇ ವರ್ಷ. ಗಣಿತ ಇನ್ನೂ ತಲೆಗೆ ಹತ್ತಿಲ್ಲ. ಬೆನ್ನುನೋವೂ ಹೋಗಿಲ್ಲ. ಮೇಷ್ಟರ ಮಾತು ಮಾತ್ರ ಹೋಯಿತು. ಹನ್ನೆರಡು ವರ್ಷ ಹೊತ್ತಿದ್ದೆ ಅದನ್ನು. ಅಜ್ಜಿ ಇಳಿಸಿದರು. ಆ ಉಪಕಾರ ಮರೆಯುವುದಿಲ್ಲ. ಇಷ್ಟೇ, ಹೇಳುವುದಕ್ಕೆ ಬೇರೇನೂ ಇಲ್ಲ.