ಹಲ್ಲು ತೆಗೆದಿಟ್ಟು ರುಚಿ ನೋಡುವ ಸೋಸಕ್ಕ

ಬೆಳಗಿನ ಐದು ಗಂಟೆ. ವೃದ್ಧಾಶ್ರಮದ ಅಡುಗೆಮನೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಕಲ್ಲಿನ ಕಟ್ಟೆಯ ಮೇಲೆ ಅಗಲವಾದ ಜರಡಿ, ಅದರಡಿ ಒಂದು ಪಾತ್ರೆ, ಪಕ್ಕದಲ್ಲಿ ಸ್ಟೀಲ್ ಲೋಟ. ಲೋಟದ ನೀರಿನಲ್ಲಿ ಹಲ್ಲಿನ ಸೆಟ್ಟು ಮುಳುಗಿದೆ. ಅದರ ಒಡತಿ ಚಮಚದ ತುದಿಯಲ್ಲಿ ಕಡುಕಂದು ಬಣ್ಣದ ಪಾಕವನ್ನು ತೆಗೆದು ಬಾಯಿಗಿಟ್ಟು, ಕಣ್ಣು ಮುಚ್ಚಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತುತ್ತಾರೆ. ನಿಧಾನವಾಗಿ ನುಂಗುತ್ತಾರೆ. ಆಮೇಲೆ ಸುಮ್ಮನೆ ನಿಂತಿರುತ್ತಾರೆ, ಗಂಟಲೇನಾದರೂ ಹೇಳುತ್ತದೆಯೇ ಎಂದು ಕಿವಿಗೊಟ್ಟವರ ಹಾಗೆ.

"ಅಂಟ್ತು," ಎನ್ನುತ್ತಾರೆ. ಹಲ್ಲಿಲ್ಲದ ಬಾಯಿಂದ ಮಾತು ಅರ್ಧ ಗಾಳಿಯಾಗಿ ಬರುತ್ತದೆ. "ಖರ್ಜೂರ ಜಾಸ್ತಿ ಆಯ್ತು. ನನಗೇ ಅಂಟಿದ್ರೆ ಅವರಿಗೆ ಬಿಡುತ್ತಾ?"

ಪಾತ್ರೆಯನ್ನು ಪಕ್ಕಕ್ಕೆ ಸರಿಸಿ, ನೆನೆಸಿಟ್ಟ ಉಳಿದ ಹಣ್ಣಿಗೆ ಖರ್ಜೂರ ಅರ್ಧಕ್ಕರ್ಧ ಕಡಿಮೆ ಹಾಕಿ, ಮತ್ತೆ ಮೊದಲಿಂದ ಶುರು ಮಾಡುತ್ತಾರೆ. ಮಧ್ಯಾಹ್ನ ಹನ್ನೆರಡೂವರೆಗೆ ಊಟ. ಅಷ್ಟರೊಳಗೆ ಇದು ಬೆಂದು, ಆರಿ, ಗಟ್ಟಿಯಾಗಿ ಬಟ್ಟಲಲ್ಲಿ ನಿಲ್ಲಬೇಕು.

ಇಲ್ಲಿ ಎಲ್ಲರೂ ಆಕೆಯನ್ನು ಸೋಸಕ್ಕ ಎಂದೇ ಕರೆಯುತ್ತಾರೆ. ದಿನವಿಡೀ ಏನಾದರೂ ಸೋಸುತ್ತಲೇ ಇರುವುದರಿಂದ ಬಿದ್ದ ಹೆಸರು. ವಯಸ್ಸು ಅರವತ್ತೊಂದು. ಈ ಅಡುಗೆಮನೆಗೆ ಬಂದು ಹತ್ತೊಂಬತ್ತು ವರ್ಷ. ಅದಕ್ಕೂ ಮುಂಚೆ ಬೇಕರಿಯೊಂದರಲ್ಲಿ ತಟ್ಟೆ ತಿಕ್ಕುತ್ತಿದ್ದರು. ತಿಕ್ಕುತ್ತಲೇ ಹಾಲು, ಮೊಟ್ಟೆ ಸೇರಿ ಗಟ್ಟಿಯಾಗುವ ಹದವನ್ನು ಕಣ್ಣಲ್ಲೇ ಕಲಿತರು. ಒಸಡಿನ ಕಾಯಿಲೆಯಿಂದ ಐವತ್ತಕ್ಕೆಲ್ಲ ಹಲ್ಲು ಹೋದವು. ಅದೂ ಕೆಲಸಕ್ಕೆ ಬಂತು.

"ಹಲ್ಲು ಹಾಕ್ಕೊಂಡು ರುಚಿ ನೋಡಿದ್ರೆ ಮೋಸ ಆಗುತ್ತೆ. ನಾವು ಬೇಡ ಅಂದ್ರೂ ಹಲ್ಲು ಕಚ್ಚಿಬಿಡುತ್ತೆ. ಗಂಟು ಇದ್ರೂ ಇಲ್ಲ ಅನ್ಸುತ್ತೆ. ತೆಗೆದಿಟ್ರೆ ನಾಲಿಗೆ ನಿಜ ಹೇಳುತ್ತೆ."

ಆಶ್ರಮದಲ್ಲಿ ಅರವತ್ಮೂರು ಹಿರಿಯರಿದ್ದಾರೆ. ಅವರಲ್ಲಿ ಹನ್ನೊಂದು ಜನರಿಗೆ ನುಂಗುವುದೇ ಕಷ್ಟ. ಪಾರ್ಶ್ವವಾಯು ಹೊಡೆದವರು, ಕೈಕಾಲಿನ ಜೊತೆ ಗಂಟಲೂ ನಡುಗುವವರು, ಬಾಯಲ್ಲಿ ತುತ್ತಿರುವುದನ್ನೇ ಮರೆಯುವವರು. ಒಂದು ಸಣ್ಣ ಕಾಳು ದಾರಿ ತಪ್ಪಿದರೂ ಉಸಿರು ನಿಲ್ಲಬಹುದು. ಈ ಹನ್ನೊಂದು ಜನರಿಗೆ ದಿನಕ್ಕೆ ಮೂರು ಹೊತ್ತು, ಮೂವತ್ಮೂರು ಬಟ್ಟಲು. ಅಷ್ಟನ್ನೂ ಸೋಸಕ್ಕ ಕೈಯಲ್ಲೇ ಜರಡಿಗೆ ಒತ್ತಿ ಇಳಿಸುತ್ತಾರೆ. ಮಿಕ್ಸಿ ಮೂಲೆಯಲ್ಲಿದೆ. "ಮಿಕ್ಸಿ ನಾರನ್ನ ತುಂಡು ಮಾಡುತ್ತೆ, ತೆಗೆಯಲ್ಲ," ಎನ್ನುತ್ತಾರೆ. ನಾಲ್ಕು ತಿಂಗಳಿಗೊಂದು ಜರಡಿಯ ಬಲೆ ಹರಿಯುತ್ತದೆ. ಬಲಗೈ ಭುಜದ ಮೇಲೆ ಏಳುವುದಿಲ್ಲ. ನಾಲ್ಕೂಕಾಲಕ್ಕೆ ಮನೆ ಬಿಡುವ ಮುಂಚೆ ಸೊಸೆ ನಿದ್ದೆಗಣ್ಣಲ್ಲೇ ಎದ್ದು ಅವರ ತಲೆ ಬಾಚುತ್ತಾಳೆ.

ಇಂದಿನ ಪಾತ್ರೆಯಲ್ಲಿರುವುದು ಮಾತ್ರ ದಿನನಿತ್ಯದ ಊಟವಲ್ಲ. ಇದು ಕ್ರಿಸ್‌ಮಸ್ ಪುಡ್ಡಿಂಗ್‌ನ ಬದಲಿಗೆ ಬಡಿಸಲು ಹೊರಟಿರುವ ಸಿಹಿ.

ಕ್ರಿಸ್‌ಮಸ್ ರಾತ್ರಿಯ ಊಟದ ಕೊನೆಗೆ ಪುಡ್ಡಿಂಗ್ ಬರುವುದು ಇಲ್ಲಿ ಮೊದಲಿಂದಲೂ ಇದ್ದದ್ದು. ಒಣಹಣ್ಣು, ಬಾದಾಮಿಗಳನ್ನು ಮದ್ಯದಲ್ಲಿ ವಾರಗಟ್ಟಲೆ ನೆನೆಸಿ, ಗಂಟೆಗಟ್ಟಲೆ ಆವಿಯಲ್ಲಿ ಬೇಯಿಸಿದ ಕರಿಯ, ಭಾರದ ಗಡ್ಡೆ ಅದು. ನಾಲ್ಕು ವರ್ಷದ ಹಿಂದೆ, ನುಂಗಲಾರದ ಅಜ್ಜಿಯೊಬ್ಬರು ಪಕ್ಕದವರ ತಟ್ಟೆಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ನರ್ಸ್ ಹತ್ತಿರವೇ ಇದ್ದದ್ದರಿಂದ ಜೀವ ಉಳಿಯಿತು. ಅಂದಿನಿಂದ ಒಂದು ನಿಯಮ: ಪುಡ್ಡಿಂಗ್ ಇರುವ ಕಡೆ ಆ ಹನ್ನೊಂದು ಜನ ಕೂರುವಂತಿಲ್ಲ. ಹಬ್ಬದ ದಿನ ಅವರಿಗೆ ಸಂಜೆ ಐದಕ್ಕೇ, ವ್ಯಾಯಾಮದ ಕೋಣೆಯಲ್ಲಿ ಊಟ. ಉಳಿದವರಿಗೆ ಏಳಕ್ಕೆ, ಹಾಲ್‌ನಲ್ಲಿ.

ನಿಯಮದಲ್ಲಿ ತಪ್ಪಿಲ್ಲ. ಸೋಸಕ್ಕನೂ ತಪ್ಪೆನ್ನುವುದಿಲ್ಲ. ಮೂರು ವರ್ಷ ಆ ಕೋಣೆಗೆ ಬಟ್ಟಲು ಹೊತ್ತವರೂ ಅವರೇ. ಆದರೆ ಅದರ ಬಗ್ಗೆ ಕೇಳಿದರೆ ಜರಡಿಯ ಮೇಲಿನ ಕೈ ನಿಲ್ಲುತ್ತದೆ. ಅವರು ಹೇಳುವುದು ಆಶ್ರಮದ ಮಾತಲ್ಲ, ತಮ್ಮ ಮನೆಯದು.

"ನಮ್ಮತ್ತೆಗೂ ಹೀಗೇ ಆಗಿತ್ತು. ನುಂಗೋಕೆ ಆಗ್ತಿರಲಿಲ್ಲ, ಕೆಮ್ಮೋರು, ಜೊಲ್ಲು ಸುರಿಯೋದು. ಮನೆಗೆ ನೆಂಟರು ಬಂದಾಗ ನಾನು ಮುಂಚೆನೇ ಅವರಿಗೆ ಒಳಗೆ ಉಣಿಸಿ ಮಲಗಿಸಿಬಿಡ್ತಿದ್ದೆ. ಅವರಿಗೂ ಮುಜುಗರ, ನಮಗೂ ಮುಜುಗರ ಅಂತ. ಏನೂ ಅಂತಿರಲಿಲ್ಲ ಪಾಪ. ಒಂದಿನ ಮಾತ್ರ, 'ಎಲ್ಲರದ್ದೂ ಊಟ ಆಯ್ತೇನಮ್ಮ' ಅಂದ್ರು. ಆಯ್ತು ಅತ್ತೆ ಅಂದೆ. ಇನ್ನೂ ಎಲೆನೇ ಹಾಕಿರಲಿಲ್ಲ."

ಮತ್ತೆ ಜರಡಿ ಆಡತೊಡಗುತ್ತದೆ.

ಪುಡ್ಡಿಂಗ್ ಒಂದಿದ್ದರೆ ಮೇಜು ಎರಡಾಗುತ್ತದೆ. ಮೇಜು ಒಂದೇ ಆಗಬೇಕಾದರೆ ಅರವತ್ಮೂರೂ ಜನ ತಿನ್ನಬಹುದಾದ ಒಂದೇ ಸಿಹಿ ಬೇಕು. ಮೆತ್ತಗಿರುವುದನ್ನೆಲ್ಲ ಕೊಡಬಹುದಲ್ಲ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಸೋಸಕ್ಕನಿಗೂ ಮೊದಲು ಹಾಗೇ ಅನ್ನಿಸಿತ್ತು. ಮೊದಲನೇ ವರ್ಷ ಆ ಕೋಣೆಗೆ ಬಣ್ಣದ ಜೆಲ್ಲಿ ಮಾಡಿ ಒಯ್ದರು. ನೋಡಲು ಮೃದು. ಬಾಯೊಳಗೆ ಹೋಗುತ್ತಲೇ ಕರಗಿ ನೀರಾಯಿತು, ನೀರು ನುಂಗುವ ಮುಂಚೆಯೇ ಶ್ವಾಸನಾಳಕ್ಕೆ ನುಗ್ಗಿತು. ಒಬ್ಬರು ರಾತ್ರಿಯಿಡೀ ಕೆಮ್ಮಿದರು. ಐಸ್‌ಕ್ರೀಮಿನದೂ ಅದೇ ಕಥೆ ಎಂದು ನರ್ಸ್ ಆಮೇಲೆ ತಿಳಿಸಿದರು. "ಗಟ್ಟಿ ವಸ್ತುಗೆ ಹೆದರ್ತಿದ್ದೆ. ನೀರಿಗೂ ಹೆದರಬೇಕು ಅಂತ ಗೊತ್ತಿರಲಿಲ್ಲ," ಎನ್ನುತ್ತಾರೆ. ಕೇಕನ್ನು ಪಾಕದಲ್ಲಿ ನೆನೆಸಿದರೆ ಪುಡಿ ಉದುರುತ್ತದೆ. ಎರಡನೇ ವರ್ಷ ಸೇಬು ಬೇಯಿಸಿ, ಸೋಸಿ, ಏಲಕ್ಕಿ ಹಾಕಿ ಕೊಟ್ಟರು. ಅದರಲ್ಲಿ ಅಪಾಯವೇನೂ ಇರಲಿಲ್ಲ. ಆದರೆ ಆ ಹನ್ನೊಂದು ಜನರಲ್ಲೊಬ್ಬರಾದ ನಿವೃತ್ತ ಹೆಡ್‌ಮಿಸ್ಟ್ರೆಸ್ ಬಟ್ಟಲನ್ನು ಹಿಂದಕ್ಕೆ ತಳ್ಳಿದರು. ಪಾರ್ಶ್ವವಾಯುವಿನಿಂದ ತೊದಲುವ ನಾಲಿಗೆಯಲ್ಲೇ, "ಯಾಕೆ, ನನಗಿನ್ನೂ ಹಲ್ಲೇ ಬಂದಿಲ್ಲ ಅಂದ್ಕೊಂಡ್ಯಾ?" ಎಂದು ಕೇಳಿದರು.

ಆ ಮಾತನ್ನು ಸೋಸಕ್ಕ ನಗುತ್ತಲೇ ನೆನೆಸಿಕೊಳ್ಳುತ್ತಾರೆ. ಆದರೆ ಮರೆತಿಲ್ಲ. ಈ ಸಲದ ಪಾಕದಲ್ಲಿ ಖರ್ಜೂರ, ಒಣದ್ರಾಕ್ಷಿ, ಅಂಜೂರ, ಕಿತ್ತಳೆ ಸಿಪ್ಪೆ, ಜಾಯಿಕಾಯಿ, ಚಕ್ಕೆ, ಕಪ್ಪು ಚಹಾ ಎಲ್ಲ ಇದೆ. ಕಪ್ಪಾಗುವವರೆಗೆ ಸುಟ್ಟ ಸಕ್ಕರೆಯ ಕಹಿಯೂ ಇದೆ. ಹಿಂದಿನ ದಿನ ನೆನೆಸಿ, ಕುದಿಸಿ, ಮೂರು ಸಲ ಸೋಸಿ, ಹಾಲು ಮೊಟ್ಟೆಯೊಂದಿಗೆ ಬಟ್ಟಲಿಗೆ ಸುರಿದು, ಕೆನೆಗಟ್ಟದಂತೆ ಮುಚ್ಚಿ, ಓವನ್ನಿನಲ್ಲಿ ನೀರಿನ ತಟ್ಟೆಯೊಳಗಿಟ್ಟು ಬೇಯಿಸಬೇಕು. ಪುಡ್ಡಿಂಗ್‌ನಲ್ಲಿರುವ ರುಚಿಯೆಲ್ಲ ಇರಬೇಕು, ಬಾಯಿಗೆ ಒಂದು ಚೂರೂ ಸಿಗಬಾರದು.

ಆದರೆ ಹಲ್ಲಿದ್ದವರು ಇದಕ್ಕೆ ಒಪ್ಪಬೇಕಲ್ಲ. ವಿರೋಧ ಪಕ್ಷದ ನಾಯಕರು ಎಂಬತ್ನಾಲ್ಕರ ಗಡಿಯಾರ ರಿಪೇರಿ ತಾತ. ಒಂದೂ ಹಲ್ಲು ಬಿದ್ದಿಲ್ಲವೆಂದು ಸಿಕ್ಕವರಿಗೆಲ್ಲ ಬಾಯಿ ತೆರೆದು ತೋರಿಸುತ್ತಾರೆ. ಹಾಗಾಗಿ ಅವರ ಹೆಸರು ಮೂವತ್ತೆರಡು ತಾತ. "ಇಷ್ಟು ವರ್ಷ ಹಲ್ಲು ಕಾಪಾಡ್ಕೊಂಡಿದ್ದು ಕೂಸಿನ ಊಟ ತಿನ್ನೋಕಾ?" ಎಂದು ವರಾಂಡದಲ್ಲಿ ಕುಳಿತು ಕೇಳುತ್ತಾರೆ. ಆಮೇಲೆ, ಯಾರೂ ಕೇಳದಿದ್ದರೂ, "ನಮ್ಮನೆಯವಳು ಪುಡ್ಡಿಂಗ್ ಮಾಡ್ತಿದ್ಲು. ಅವಳು ಹೋದಮೇಲೆ ಆ ರುಚಿ ವರ್ಷಕ್ಕೊಂದು ಸಲ ಇಲ್ಲೇ ಸಿಗೋದು. ಅದನ್ನೂ ಬಿಡು ಅಂದ್ರೆ?" ಎನ್ನುತ್ತಾರೆ.

ಆಶ್ರಮದ ಮೇಲ್ವಿಚಾರಕಿ ಒಂದು ದಾರಿ ಹುಡುಕಿದ್ದಾರೆ. ಹಬ್ಬಕ್ಕೆ ಎರಡು ವಾರ ಮುಂಚಿನ ಈ ಭಾನುವಾರ ಸೋಸಕ್ಕನ ಸಿಹಿಯನ್ನು ಎಲ್ಲರೂ ತಿಂದು ನೋಡುವುದು, ಆಮೇಲೆ ಕೈ ಎತ್ತುವುದು. ಇದು ಸಾಕು ಎನ್ನುವವರು ಹೆಚ್ಚಿದ್ದರೆ ಹಬ್ಬದ ದಿನ ಒಂದೇ ಮೇಜು. ಇಲ್ಲವಾದರೆ ಪುಡ್ಡಿಂಗ್, ಮತ್ತು ಎಂದಿನಂತೆ ಸಂಜೆ ಐದರ ಕೋಣೆ.

ಹತ್ತು ಗಂಟೆಗೆ ಎರಡನೇ ಸರದಿಯ ಬಟ್ಟಲೊಂದು ಹೊರಬರುತ್ತದೆ. ಸೋಸಕ್ಕ ಚಮಚ ತುಂಬಿ ಓರೆ ಮಾಡುತ್ತಾರೆ. ಸಿಹಿ ತೊಟ್ಟಿಕ್ಕುವುದಿಲ್ಲ, ಅಂಟಿಕೊಂಡು ನಿಲ್ಲುವುದೂ ಇಲ್ಲ. ಒಂದೇ ಮುದ್ದೆಯಾಗಿ ಜಾರಿ ಬೀಳುತ್ತದೆ. ಚಮಚದ ಮೇಲೆ ತೆಳುವಾದ ಪದರವಷ್ಟೇ ಉಳಿಯುತ್ತದೆ. ನರ್ಸ್ ಕೂಡ ನೋಡಿ ತಲೆಯಾಡಿಸುತ್ತಾರೆ. ಸೋಸಕ್ಕ ಆಗ ಹಲ್ಲು ತೊಳೆದು ಹಾಕಿಕೊಳ್ಳುತ್ತಾರೆ. "ಇನ್ನು ಹಲ್ಲಿರೋರ ಬಾಯಿಗೆ ಹೇಗಿದೆ ನೋಡೋಣ," ಎಂದು ಇನ್ನೊಂದು ಚಮಚ ತೆಗೆದುಕೊಳ್ಳುತ್ತಾರೆ.

ಹಾಲ್‌ನಲ್ಲಿ ಐವತ್ತೆಂಟು ಜನ ಕೂತಿದ್ದಾರೆ. ಐವರಿಗೆ ಹಾಸಿಗೆಯಿಂದ ಏಳಲಾಗಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ, ನುಂಗಲಾರದವರೂ ಉಳಿದವರ ನಡುನಡುವೆಯೇ ಕೂತು ಅದೇ ಸಿಹಿಯನ್ನು ತಿನ್ನಲಿದ್ದಾರೆ. ನರ್ಸ್ ಹಿಂದೆ ನಿಂತಿದ್ದಾರೆ. ಸಿಹಿ ಬಂದಾಗ ಚಮಚಗಳ ಸದ್ದಷ್ಟೇ ಕೇಳಿಸುತ್ತದೆ. ಸೋಸಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಾರೆ.

ಇದ್ದಕ್ಕಿದ್ದಂತೆ ಯಾರೋ ಕೆಮ್ಮುತ್ತಾರೆ. ಜೋರಾಗಿ, ಬಿಡದೆ. ಎಲ್ಲ ಚಮಚಗಳೂ ಅಲ್ಲಲ್ಲೇ ನಿಲ್ಲುತ್ತವೆ. ನರ್ಸ್ ಎರಡು ಹೆಜ್ಜೆ ಓಡುತ್ತಾರೆ. ಕೆಮ್ಮುತ್ತಿರುವುದು ಮೂವತ್ತೆರಡು ತಾತ. ಏನೂ ಆಗಿಲ್ಲವೆಂದು ಕೈಯಾಡಿಸುತ್ತಾ ಕಣ್ಣೊರೆಸಿಕೊಳ್ಳುತ್ತಾರೆ.

ಅವರೆದುರು ಕೂತ ಹೆಡ್‌ಮಿಸ್ಟ್ರೆಸ್ ಒಂದೊಂದೇ ಶಬ್ದವನ್ನು ಜೋಡಿಸುತ್ತಾ, "ಅವಸರ ಯಾಕೆ. ಅಗಿದು ತಿನ್ನಿ," ಎನ್ನುತ್ತಾರೆ.

ಮೊದಲು ತಾತನೇ ನಗುತ್ತಾರೆ. ಆಮೇಲೆ ಹಾಲ್ ಪೂರ್ತಿ.

ನಗು ಇಳಿದ ಮೇಲೆ ತಾತ ಹೊಸ್ತಿಲ ಕಡೆ ನೋಡುತ್ತಾರೆ. "ಕಿತ್ತಳೆ ಸಿಪ್ಪೆ ಹಾಕಿದ್ಯಾ?"

"ಹಾಕಿದೀನಿ ತಾತ."

"ಎಲ್ಲೂ ಸಿಗ್ಲಿಲ್ವಲ್ಲ."

"ಸಿಗಬಾರದು ಅಂತಾನೇ ಮೂರು ಸಲ ಸೋಸಿದ್ದು."

"ಹ್ಞೂಂ. ಇದು ಪುಡ್ಡಿಂಗ್ ಅಲ್ಲ ಬಿಡು," ಎಂದು ಬಟ್ಟಲಿಗೆ ಬಾಗುತ್ತಾರೆ.

ಮೇಲ್ವಿಚಾರಕಿ ಎಣಿಸುತ್ತಾರೆ. ಪುಡ್ಡಿಂಗ್ ಬೇಕೆನ್ನುವವರು ಇಪ್ಪತ್ತೊಂದು. ಇದು ಸಾಕೆನ್ನುವವರು ಇಪ್ಪತ್ತೊಂಬತ್ತು. ಆ ಇಪ್ಪತ್ತೊಂಬತ್ತರಲ್ಲಿ ಒಂದು ಕೈಯನ್ನು ಪಕ್ಕದಲ್ಲಿ ಕೂತವರು ಮೊಣಕೈ ಹಿಡಿದು ಎತ್ತಿದ್ದಾರೆ, ಯಾಕೆಂದರೆ ಅದು ತಾನಾಗಿ ಏಳುವ ಕೈಯಲ್ಲ. ಕೈ ಎತ್ತದವರು ಎಂಟು ಜನ. ಅವರಲ್ಲಿ ಮೂವತ್ತೆರಡು ತಾತನೂ ಒಬ್ಬರು.

"ನಿಮ್ಮದು ಯಾವ ಕಡೆ?" ಎಂದು ಮೇಲ್ವಿಚಾರಕಿ ಕೇಳುತ್ತಾರೆ.

"ಇರಮ್ಮ, ಇನ್ನೂ ತಿಂತಾ ಇದೀನಿ."

ಎರಡು ಗಂಟೆಗೆ ಅಡುಗೆಮನೆ ಮತ್ತೆ ಖಾಲಿ. ಗೆದ್ದಿರಲ್ಲ ಎಂದರೆ ಸೋಸಕ್ಕ ತಲೆ ಅಲ್ಲಾಡಿಸುತ್ತಾರೆ. "ಇಪ್ಪತ್ತೊಂದು ಜನರ ಆಸೆ ಹಾಗೇ ಉಳೀತಲ್ಲ. ಅವರದ್ದೇನು ತಪ್ಪು? ಹಬ್ಬದ ಮಾರನೇ ದಿನ ಬೇಕಾದವರ ರೂಮಿಗೇ ಒಂದೊಂದು ಚೂರು ಪುಡ್ಡಿಂಗ್ ಕಳಿಸ್ತೀನಿ ಅಂತ ಮೇಡಂಗೆ ಹೇಳಿದೀನಿ." ತಾತನಿಗೂ ಕಳಿಸುತ್ತೀರಾ ಎಂದರೆ, "ದೊಡ್ಡ ಚೂರೇ," ಎನ್ನುತ್ತಾರೆ.

ತೊಟ್ಟಿಯ ಪಕ್ಕ ಬಟ್ಟಲುಗಳು ಗೋಪುರವಾಗಿ ನಿಂತಿವೆ. ಬೇರೆ ದಿನಗಳಲ್ಲಿ ಅದಲುಬದಲಾಗಬಾರದೆಂದು ಆ ಹನ್ನೊಂದು ಜನರಿಗೆ ನೀಲಿ ಬಟ್ಟಲು. ತೊಳೆಯುವಾಗ ನೀಲಿಯದನ್ನು ಬೇರೆಯಿಟ್ಟು, ಯಾರು ಎಷ್ಟು ಬಿಟ್ಟಿದ್ದಾರೆಂದು ನೋಡಿ ನರ್ಸ್‌ಗೆ ಹೇಳುವುದು ಸೋಸಕ್ಕನ ಕೆಲಸ. ಇವತ್ತು ಎಲ್ಲರಿಗೂ ಬಿಳಿ ಬಟ್ಟಲೇ ಹೋಗಿತ್ತು. ಅಭ್ಯಾಸಬಲದಿಂದ ಒಂದನ್ನೆತ್ತಿ ಬೆಳಕಿಗೆ ಹಿಡಿಯುತ್ತಾರೆ, ಇಡುತ್ತಾರೆ, ಇನ್ನೊಂದನ್ನು ಎತ್ತುತ್ತಾರೆ. ಕೆಲವುಗಳಲ್ಲಿ ಸ್ವಲ್ಪ ಉಳಿದಿದೆ, ಹೆಚ್ಚಿನವು ಬಳಿದಿಟ್ಟ ಹಾಗಿವೆ.

"ಯಾವುದು ಯಾರದ್ದು ಅಂತ ಒಂದೂ ಗೊತ್ತಾಗ್ತಿಲ್ಲ ನೋಡಿ," ಎನ್ನುತ್ತಾರೆ, ನಲ್ಲಿ ತಿರುಗಿಸುತ್ತಾ.