ಸ್ವಿಸ್ ಮೇಷ್ಟ್ರು ಹೊಡೆದುಹಾಕಿದ ಗೋಡೆ

ಮೊಮ್ಮಗಳು ರಶ್ಮಿಯನ್ನು ಆ ಸ್ವಿಸ್ ಮೇಷ್ಟ್ರು ಫೇಲ್ ಮಾಡಿದ್ದು ಅವಳಿಗೆ ಮನೆಯ ನಕ್ಷೆ ಬರೆಯಲು ಬಾರದ್ದಕ್ಕಲ್ಲ. ನಾನು ಹೇಳಿದ ಜಾಗದಲ್ಲಿ ಗೋಡೆ ಎಳೆದದ್ದಕ್ಕೆ. ಯಾರು ಏನೇ ಹೇಳಲಿ, ನಡೆದದ್ದು ಅಷ್ಟೇ.

ಇಲ್ಲಿ ಬಾಗಿಲು ತೆರೆದರೆ ಮೊದಲು ಕಾಣುವುದು ಒಲೆ. ದಾವಣಗೆರೆಯಲ್ಲಿ ಬೀಗರಿಗೂ ನಮ್ಮ ಅಡುಗೆಮನೆ ಕಾಣುತ್ತಿರಲಿಲ್ಲ. ಮೆಲ್ಬರ್ನ್ ಪಕ್ಕದ ಡ್ಯಾಂಡಿನಾಂಗಿನ ಈ ಬಾಡಿಗೆ ಮನೆಯಲ್ಲಿ ಪೋಸ್ಟಿನವನೂ ನನ್ನ ಸಾರಿನ ಪಾತ್ರೆ ನೋಡಿಕೊಂಡು ಹೋಗುತ್ತಾನೆ. ಒಗ್ಗರಣೆ ಹಾಕಿದರೆ ಸ್ಮೋಕ್ ಅಲಾರಂ ಬೀದಿಗೆಲ್ಲ ಕೇಳುವಂತೆ ಅರಚುತ್ತದೆ. ಹೊಗೆ ಹಿಡಿಯಲು ಸೂರಿಗೆ ಅಂಟಿಸಿದ ಬಿಲ್ಲೆ ಅದು. ಅದಕ್ಕೇ ರಶ್ಮಿ ಆರ್ಕಿಟೆಕ್ಚರ್ ಓದಿನ ಕೊನೆಯ ವರ್ಷದ ನಕ್ಷೆಗೆ ಕೂತಾಗ, "ಒಲೆಗೂ ನಡುಮನೆಗೂ ಮಧ್ಯೆ ಗೋಡೆ ಹಾಕೇ" ಎಂದೆ.

ಮೇಷ್ಟ್ರು ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದರು. ಸ್ವಿಟ್ಜರ್ಲೆಂಡಿನಿಂದ ಬಂದ ಆರ್ಕಿಟೆಕ್ಟು. ಸಿಡ್ನಿಯಲ್ಲಿ ಇಪ್ಪತ್ತು ವರ್ಷ ಹಣವಂತರ ಗೋಡೆ ಒಡೆಸಿ, ಗಾಜು ಹಾಕಿಸಿ ಹೆಸರು ಮಾಡಿದರಂತೆ. ಹೆಸರು ಮಾಸಿದ ಮೇಲೆ ಮೆಲ್ಬರ್ನಿಗೆ ಬಂದು ರಶ್ಮಿಯ ಕಾಲೇಜಿನಲ್ಲಿ ಪಾಠಕ್ಕೆ ನಿಂತರು. ನಕ್ಷೆ ತಿದ್ದಿಕೊಡಲು ರಶ್ಮಿಗೆ ಉಳಿದದ್ದು ಒಂದೇ ಅವಕಾಶ. ತಪ್ಪಿದರೆ ಡಿಗ್ರಿ ಇಲ್ಲ.

"ಊಟಕ್ಕೆ ಕರಿ ಅವರನ್ನ" ಎಂದೆ. ಶನಿವಾರ ಬಂದರು.

"ಅಜ್ಜಿ, ಪ್ಲೀಸ್, ಇವತ್ತು ಒಗ್ಗರಣೆ ಬೇಡ."

"ಮತ್ತೆ ಕರೆಸಿದ್ದು ಯಾಕೆ? ನಿನ್ನ ಇಂಗ್ಲಿಷು ಅವರ ಮೂಗಿಗೆ ಏರುತ್ತದೇನೇ?"

ಗುಂಟೂರು ಮೆಣಸಿನಕಾಯಿ ಹತ್ತು ಮುರಿದು ಕಾದ ಎಣ್ಣೆಗೆ ಹಾಕಿದೆ. ಅಲಾರಂ ಕಿರುಚಿತು. ಮೇಷ್ಟ್ರು ಕೆಮ್ಮಿ ಕೆಮ್ಮಿ ಕಣ್ಣೀರಿಟ್ಟರು.

"ಇಷ್ಟು ಅಡುಗೆಮನೆ ಕಟ್ಟಿದಾರಲ್ಲ, ಒಂದರಲ್ಲಾದ್ರೂ ಸಾರು ಮಾಡಿದಾರಾ ಕೇಳೇ."

ರಶ್ಮಿ ತಲೆ ತಗ್ಗಿಸಿಕೊಂಡೇ ಕೇಳಿದಳು. ಆತ ಏನೋ ಅಂದರು.

"ಕಿಟಕಿ ದೊಡ್ಡದು ಮಾಡು ಅಂತಾರೆ, ಅಜ್ಜಿ. ಗೋಡೆ ಮಾತ್ರ ನೋ."

ಅಂದವರು ಸಾರನ್ನು ಎರಡು ಸಲ ಹಾಕಿಸಿಕೊಂಡರು. ನಾಚಿಕೆ ಬೇಡವೇ?

ಹದಿನೈದು ದಿನಕ್ಕೆ ರಶ್ಮಿ ಕುಣಿಯುತ್ತ ಬಂದಳು. "ಪಾಸ್ ಅಜ್ಜಿ!"

"ಗೋಡೆ?"

"ತೆಗೆದೆ. ಸಾರಿ."

ಬೈಯಲಿಲ್ಲ. ಡಿಗ್ರಿ ಅವಳದು. ಆದರೆ ಆ ಮೇಷ್ಟ್ರನ್ನು ನಾನು ಕ್ಷಮಿಸಿಲ್ಲ. ಸಂಕಟ ಹೇಳಿಕೊಳ್ಳಲು ಊರಿಗೆ ಮಾತಾಡುವ ಫೋನ್ ಕಾರ್ಡ್ ಹಾಕಿ ತಮ್ಮನಿಗೆ ಫೋನ್ ಮಾಡಿದೆ. ನಾನು ಮೂವತ್ತು ವರ್ಷ ಬೇಯಿಸಿದ ದಾವಣಗೆರೆ ಮನೆಯಲ್ಲಿ ಈಗ ಇರುವವನು ಅವನೇ.

"ಅಕ್ಕಾ, ನಾವೂ ಅಡುಗೆಮನೆ ಗೋಡೆ ಒಡೆಸಿದ್ವಿ. ಈಗ ಎಲ್ಲಾ ಓಪನ್ನು, ಫಾರಿನ್ ಥರ!"

ಫೋನ್ ಇಟ್ಟುಬಿಟ್ಟೆ. ಹಿಂದಿರುಗಿ ಹೋದರೂ ಮರೆಯಲ್ಲಿ ನಿಂತು ಬೇಯಿಸಲು ನನಗೆ ಅಲ್ಲೂ ಗೋಡೆ ಇಲ್ಲ.

ಬಾಡಿಗೆ ಮನೆಗೆ ಮೊಳೆ ಹೊಡೆಯಬಾರದೆಂದು ಕರಾರಿನಲ್ಲಿದೆಯಂತೆ. ಮರುದಿನ ಬೆಳಿಗ್ಗೆ ಎರಡು ಮೊಳೆ ಹೊಡೆದೆ, ಹಗ್ಗ ಬಿಗಿದೆ, ಹಳೆಯ ಇಳಕಲ್ ಸೀರೆ ಅಡ್ಡ ಇಳಿಬಿಟ್ಟು ಒಲೆ ಹಚ್ಚಿದೆ.